ಸಾಣೆಕೋಣೆಯ ನಕಲು

ಅಕ್ಕನ ‘ಸರಿ’ ಬೆಳಗಿನಿಂದ ಏಳನೆಯ ಸಲ ಪರದೆಯ ಮೂಲೆಯಲ್ಲಿ ಟಿಂಗೆಂದಾಗ ಗುಮಾಸ್ತ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ದೂಡಿಕೊಂಡ. ಅದು ನಿನ್ನೆಯ ‘ಸರಿ’. ನಿನ್ನೆ ಮಧ್ಯಾಹ್ನದ ಆರ್ಡರಿಗೆ ನಿನ್ನೆ ಮಧ್ಯಾಹ್ನವೇ ಬಂದು ಮುಗಿದಿದ್ದ ಉತ್ತರ. ಆಫೀಸಿನ ಚಾಟ್ ಆ್ಯಪು ಅದನ್ನು ಈಗತಾನೇ ಬಂದದ್ದೆಂಬಂತೆ ಮತ್ತೆ ಮತ್ತೆ ಎತ್ತಿ ತಂದು ತೋರಿಸುತ್ತಿತ್ತು. ಅವನು ಕಳಿಸಿದ ಇವತ್ತಿನ ಮೂರು ಆರ್ಡರುಗಳ ಪಕ್ಕದಲ್ಲಿ ಮಾತ್ರ ಪುಟ್ಟ ಚಕ್ರವೊಂದು ಸುತ್ತುತ್ತಲೇ ಇತ್ತು, ಒಂದೂ ಹೋಗಲೊಲ್ಲದು. ಬೇರೆ ಯಾರಾದರೂ ಆಗಿದ್ದರೆ ಹಾಳಾದ್ದು ಕೆಟ್ಟಿತು ಎಂದು ಬೈದು ಎದ್ದು ಹೋಗಿ ಬಾಯಲ್ಲೇ ಹೇಳಿ ಬರುತ್ತಿದ್ದರು. ಸಾಣೆಕೋಣೆ ಎಷ್ಟು ದೂರ? ಈ ಕೋಣೆ ದಾಟಿದರೆ ನಡುಮನೆಯಂಥ ಒಂದು ಓಣಿ, ಓಣಿಯ ಎಡಕ್ಕೆ ಬಾಗಿಲು. ಕನ್ನಡಕದ ಈ ಕಾರ್ಖಾನೆಯಲ್ಲಿ ಎಲ್ಲರೂ ಅಕ್ಕ ಎನ್ನುವ ಹಿರಿಯಳು ಅಲ್ಲೇ ಇದ್ದಾಳೆ, ಗಾಜನ್ನು ಸಾಣೆಗೆ ಹಿಡಿದುಕೊಂಡು. ಆದರೆ ಗುಮಾಸ್ತನಿಗೆ ಆ ಇಪ್ಪತ್ತು ಮೂವತ್ತು ಹೆಜ್ಜೆ ಹನ್ನೊಂದು ತಿಂಗಳಿಂದ ಬೆಟ್ಟವಾಗಿತ್ತು. ‘ಸರಿ’ ಎಂದು ಎಂಟನೆಯ ಸಲ ಬಂತು. ಏನು ಸರಿ, ಯಾವುದು ಸರಿ ಎಂದು ಅವನಿಗೆ ರೇಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ಅವನ ಬಾಳು. ಕೆಟ್ಟುಹೋದ ಯಂತ್ರವೂ ತನ್ನನ್ನೇ ಹಂಗಿಸುತ್ತಿದೆ ಎನ್ನಿಸುತ್ತಿತ್ತು.

ಯಜಮಾನರು ತಮ್ಮ ಕೋಣೆಯಿಂದ ತಲೆ ಹೊರಗೆ ಹಾಕಿ, "ಏನ್ರೀ ಗುಮಾಸ್ತರೇ, ನನ್ನದೂ ಹಂಗೇ ಆಗಿದೆ. ಏನಾದ್ರೂ ಮಾಡಿ. ಎಲ್ಲಾ ಮೆಷಿನ್ನಿಂದೂ ನೋಡಿಬಿಡಿ," ಎಂದು ಮತ್ತೆ ತಲೆ ಒಳಗೆಳೆದುಕೊಂಡರು. ಮಾಡಿ ಎಂದರೆ ಏನು ಮಾಡುವುದು? ಅವನಿಗೆ ಗೊತ್ತಿದ್ದ ಕಂಪ್ಯೂಟರ್ ವಿದ್ಯೆಯೆಲ್ಲ ಹೆಂಡತಿ ಕಲಿಸಿದ್ದು. ಅವಳು ಇನ್ನೊಂದು ಆಫೀಸಿನಲ್ಲಿ ಕಡತ ನೋಡಿಕೊಳ್ಳುವವಳು, ಅಲ್ಲಿಯೂ ಇದೇ ಆ್ಯಪು. ಫೋನು ಹಚ್ಚಿದ.

"ರೀ, ಮೊದಲು ಅದನ್ನ ಪೂರ್ತಿ ಮುಚ್ಚಿ," ಎಂದಳು ಅವಳು, ಬಾಯಲ್ಲಿ ಏನೋ ಅಗಿಯುತ್ತ. "ಗುಣಾಕಾರದ ಗುರುತು ಒತ್ತಿದ್ರೆ ಮುಚ್ಚಿದ ಹಾಗೆ ನಾಟಕ ಆಡುತ್ತೆ, ಮುಚ್ಚಲ್ಲ. ಕೆಳಗೆ ಗಡಿಯಾರದ ಪಕ್ಕ ಅದರ ಗುರುತಿರುತ್ತೆ ನೋಡಿ, ಅದರ ಮೇಲೆ ಒತ್ತಿ ನಿರ್ಗಮಿಸು ಅನ್ನಿ. ಆಯ್ತಾ? ಈಗ ಕ್ಯಾಶ್ ಫೈಲು ಅಳಿಸಬೇಕು. ಕ್ಯಾಶ್ ಅಂದ್ರೆ ದುಡ್ಡಲ್ಲ, ಗಾಬರಿ ಬೀಳಬೇಡಿ."

"ಮತ್ತೇನದು?"

"ನಕಲು ಕಣ್ರೀ. ಪ್ರತಿ ಸಲ ದೂರದಿಂದ ಹೊತ್ತು ತರೋಕೆ ಅದಕ್ಕೂ ಬೇಜಾರು. ಒಂದು ಸಲ ತಂದದ್ದನ್ನೆಲ್ಲ ನಕಲು ಮಾಡಿ ನಿಮ್ಮ ಮೆಷಿನ್ನಲ್ಲೇ ಒಂದು ಮೂಲೇಲಿ ತುಂಬಿಟ್ಟುಕೊಂಡಿರುತ್ತೆ. ನಿಮ್ಮ ಅಲಮಾರದಲ್ಲಿ ಹರಿದ ಬನಿಯನ್ನು ಇದೆಯಲ್ಲ, ಹಾಗೆ. ತುಂಬಿ ತುಂಬಿ ಕೊಳೆತ ಮೇಲೆ ಯಾವುದು ಹಳೇದು ಯಾವುದು ಹೊಸದು ಅಂತ ಅದಕ್ಕೇ ತಿಳಿಯಲ್ಲ. ಹಳೇದನ್ನೇ ತಂದು ಮುಖಕ್ಕೆ ಹಿಡಿಯುತ್ತೆ."

ಅವಳು ಹೇಳಿದಂತೆ ಒಂದರೊಳಗೊಂದು ಫೋಲ್ಡರು ತೆರೆಯುತ್ತ ಹೋದ. ಕೊನೆಯದರಲ್ಲಿ ಹೆಸರಿಲ್ಲದ, ಬರೀ ಅಕ್ಷರ ಅಂಕಿಗಳ ಸಾವಿರಾರು ಫೈಲುಗಳು ಸಾಲಾಗಿ ನಿಂತಿದ್ದವು. ಎಲ್ಲವನ್ನೂ ಒಟ್ಟಿಗೆ ಹಿಡಿದದ್ದಾಯಿತು, ಎಲ್ಲವೂ ನೀಲಿಯಾದವು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವನು ಒತ್ತದೆ ಕೇಳಿದ.

"ಎಲ್ಲಾ ಹೋಗುತ್ತೇನೇ? ಹಳೇ ಮಾತುಗಳೂ?"

"ಅಸಲು ಅಲ್ಲೇ ಭದ್ರವಾಗಿರುತ್ತೆ. ನಕಲು ಮಾತ್ರ ಹೋಗೋದು. ಯಾಕ್ರೀ, ಯಾರ ಜೊತೆಗಾದ್ರೂ ಗುಟ್ಟು ಮಾತಾಡಿದ್ರಾ?" ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಿಮ್ಮ ದನಿ ಯಾಕೋ ಸರಿಯಿಲ್ಲ. ಬೆಳಿಗ್ಗೆ ತಿಂಡೀನೂ ಅರ್ಧ ಬಿಟ್ಟು ಹೋದ್ರಿ," ಎಂದಳು. ಏನಿಲ್ಲ ಬಿಡು ಎಂದ. ಇಪ್ಪತ್ತೆರಡು ವರ್ಷದಲ್ಲಿ ಅವಳಿಂದ ಬಚ್ಚಿಟ್ಟದ್ದು ಅದೊಂದೇ, ಮತ್ತು ಅವಳು ಅದರ ವಾಸನೆ ಹಿಡಿದಿದ್ದಾಳೆಂದು ಅವನಿಗೆ ಗೊತ್ತಿತ್ತು. ಗುಂಡಿ ಒತ್ತಿದ. ಆ್ಯಪು ಮತ್ತೆ ತೆರೆದಾಗ ಒಂದು ನಿಮಿಷ ಬಿಳಿಚಿಕೊಂಡು ನಿಂತು, ಹೆಸರು ಕೇಳಿ, ಪಾಸ್‌ವರ್ಡ್ ಕೇಳಿ, ಒಳಗೆ ಬಿಟ್ಟುಕೊಂಡಿತು. ಎಲ್ಲ ಸ್ವಚ್ಛ. ಎಲ್ಲ ತನ್ನ ತನ್ನ ಜಾಗದಲ್ಲಿ.

ಅಸಲು ಅಲ್ಲೇ ಭದ್ರವಾಗಿರುತ್ತದಂತೆ. ಆ ಅಸಲು ಎಂಥದೆಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಹನ್ನೊಂದು ತಿಂಗಳ ಹಿಂದೆ ಗಡಿಯಾರ ರಿಪೇರಿಯವನೊಬ್ಬ ಕನ್ನಡಕ ಮಾಡಿಸಲು ಬಂದ ದಿನ ಹೊರಗೆ ಬಿಸಿಲು ಎಷ್ಟಿತ್ತೆಂದರೆ ಅವನು ಒಳಗೆ ಬಂದು ಕೂತ ಮೇಲೂ ಕಣ್ಣು ಕಿರಿದು ಮಾಡಿಕೊಂಡೇ ಇದ್ದ. ಅಂಗಡಿಗಳಿಂದ ಫೋನಿನಲ್ಲಿ ಆರ್ಡರು ಬರುವುದು ರೂಢಿ. ಇವನು ಡಾಕ್ಟರ ಚೀಟಿ ಕಳೆದುಕೊಂಡು ನೇರ ಕಾರ್ಖಾನೆಗೇ ಬಂದಿದ್ದ. ಎದುರಿಗೆ ಕೂತು, ಎಣ್ಣೆ ಹತ್ತಿದ ಬೆರಳಿನಿಂದ ಒಂದು ಕಣ್ಣು ತೋರಿಸಿ ‘ಇದು ಮೈನಸ್ ನಾಲ್ಕು’ ಎಂದ, ಇನ್ನೊಂದು ತೋರಿಸಿ ‘ಇದು ಒಂದೂಕಾಲು’ ಎಂದ. ಕೆಲಸಕ್ಕೆ ಸೇರಿದ ಮೊದಲ ವಾರ ಅಕ್ಕನೇ ಕಲಿಸಿದ್ದಳು: "ಎದುರಿಗೆ ಕೂತವರ ಬಲ ನಿನಗೆ ಎಡ ಕಣೋ. ಅವರು ಯಾವ ಕಣ್ಣು ತೋರಿಸ್ತಾರೋ, ಮನಸ್ಸಲ್ಲೇ ಅವರ ಕುರ್ಚೀಲಿ ಹೋಗಿ ಕೂತು ನಿನ್ನ ಕಣ್ಣು ಮುಟ್ಟಿಕೋ. ಆಮೇಲೆ ಬರಿ." ಹತ್ತೊಂಬತ್ತು ವರ್ಷ ಮುಟ್ಟಿಕೊಂಡೇ ಬರೆದಿದ್ದ. ಹೊಸಬರು ನೋಡಿದರೆ ಈ ಮನುಷ್ಯನಿಗೆ ಕಣ್ಣಲ್ಲಿ ಏನೋ ಬಿದ್ದಿದೆ ಅಂದುಕೊಳ್ಳುತ್ತಿದ್ದರು. ಆ ದಿನ ಒಂದು ಕೈಯಲ್ಲಿ ಫೋನಿತ್ತು. ಮುಟ್ಟಿಕೊಳ್ಳಲಿಲ್ಲ, ಅಷ್ಟೆ. ತನ್ನ ಬಲಕ್ಕೆ ಕಂಡದ್ದನ್ನು ಬಲವೆಂದು ಬರೆದು ಅಕ್ಕನಿಗೆ ಕಳಿಸಿಬಿಟ್ಟ. ಅಕ್ಕ ‘ಸರಿ’ ಎಂದಳು. ಬರೆದ ಹಾಗೆ ಉಜ್ಜಿ ಕೊಟ್ಟಳು.

ನಾಲ್ಕನೆಯ ದಿನ ಗಡಿಯಾರದವನು ಬಾಗಿಲಲ್ಲಿ ನಿಂತು ಕೂಗಾಡಿದ. ನೆಲ ಓಡಿ ಬಂದು ಮುಖಕ್ಕೆ ಹೊಡೀತದೆ, ಮೆಟ್ಟಿಲಲ್ಲಿ ಬಿದ್ದು ಕಾಲು ಉಳುಕಿದೆ ಎಂದ. ಯಜಮಾನರು ಎದ್ದರು, ಫ್ರೇಮ್ ಕೂರಿಸುವವನು ಎದ್ದ, ಪ್ಯಾಕಿಂಗಿನ ಇಬ್ಬರು ಎದ್ದರು. ಯಜಮಾನರು ಮೇಜಿನ ಮೇಲೆ ತಮ್ಮ ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು ಇವನ ಬಳಿ ಬರುವಷ್ಟರಲ್ಲಿ ಒಂದು ನಿಮಿಷ ಕಳೆದಿರಬೇಕು. ಆ ಒಂದು ನಿಮಿಷದಲ್ಲಿ ಇವನ ಬೆರಳು, ಇವನನ್ನು ಕೇಳದೆಯೇ ಎಂಬಂತೆ, ಆ ಹಳೆಯ ಸಂದೇಶವನ್ನು ತೆರೆದು ಎರಡು ಪದ ಅದಲುಬದಲು ಮಾಡಿತು. ಅದರಡಿ ಇರುವೆಗಾತ್ರದ ಅಕ್ಷರದಲ್ಲಿ ‘ತಿದ್ದಲಾಗಿದೆ’ ಎಂದು ಮೂಡಿತು. ಅದನ್ನು ಯಾರು ನೋಡುತ್ತಾರೆ? ಯಜಮಾನರು ಓದಿದರು. "ಇಲ್ಲಿ ಸರಿಯಾಗೇ ಇದೆಯಲ್ಲ," ಎಂದರು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ನಾನು ಬೇರೆ ಥರ ಓದಿದ ನೆನಪು," ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. "ನನ್ನ ಕಣ್ಣೇ ತಪ್ಪಿರಬೇಕು."

ಅಲ್ಲಿಗೆ ನಿಂತಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಮರುದಿನದಿಂದ ಅಕ್ಕ ಮಾಡಿದ ಪ್ರತಿ ಜೊತೆ ಗಾಜನ್ನೂ ಫ್ರೇಮಿನವನು ಇನ್ನೊಮ್ಮೆ ಅಳೆಯಬೇಕೆಂದು ಯಜಮಾನರು ಹೇಳಿದರು. ಅವನು ಅಕ್ಕನ ಕೈಕೆಳಗೇ ಕೆಲಸ ಕಲಿತವನು. ತಟ್ಟೆ ಹಿಡಿದುಕೊಂಡು ಅವನ ಮೇಜಿನ ಮುಂದೆ ಅಕ್ಕ ಕಾಯುತ್ತ ನಿಲ್ಲುತ್ತಿದ್ದಳು, ಪರೀಕ್ಷೆ ಪೇಪರು ತಿದ್ದಿಸಿಕೊಳ್ಳುವ ಮಕ್ಕಳ ಹಾಗೆ. ಅದಕ್ಕೂ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಅವಳನ್ನು ತಿನ್ನುತ್ತಿದ್ದದ್ದು ಬೇರೆ. ಅವಳ ತಾಯಿಗೆ ಅರವತ್ತಕ್ಕೆ ಕಣ್ಣು ಹೋಗಿತ್ತು. ಅವಳಿಗೆ ಈಗ ಐವತ್ತೆಂಟು. ಎರಡು ಸಲ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಳು. ಏನೂ ಇಲ್ಲ, ಚೆನ್ನಾಗಿದೆ ಎಂದು ಕಳಿಸಿದರು. "ಡಾಕ್ಟ್ರು ವಯಸ್ಸಾದವರಿಗೆ ಸಮಾಧಾನ ಹೇಳ್ತಾರಪ್ಪ," ಎಂದು ಪ್ಯಾಕಿಂಗಿನವರಿಗೆ ಹೇಳುತ್ತಿದ್ದದ್ದು ಇವನ ಕಿವಿಗೆ ಬಿದ್ದಿತ್ತು. "ಅವರ ಗೋಡೆ ಮೇಲಿನ ಅಕ್ಷರ ಕಾಣಿಸುತ್ತೆ. ಆದರೆ ಬಲ ಅಂತ ಇದ್ದದ್ದು ನನಗೆ ಎಡ ಅಂತ ಕಾಣಿಸಿತಲ್ಲ, ಅದಕ್ಕೇನಂತಾರೆ? ನಮ್ಮಮ್ಮನಿಗೂ ಹಿಂಗೇ ಶುರುವಾಗಿದ್ದು." ಹೋದ ವಾರ ಯಜಮಾನರ ಬಳಿ ಹೋಗಿ, ಈ ತಿಂಗಳು ಮುಗಿದರೆ ಸಾಕು, ಬಿಟ್ಟುಬಿಡುತ್ತೇನೆ, ಇನ್ನೊಬ್ಬರ ಕಣ್ಣು ಹಾಳು ಮಾಡಿದ ಪಾಪ ನನಗೆ ಬೇಡ ಎಂದು ಹೇಳಿ ಬಂದಿದ್ದಳು. ತಿಂಗಳು ಮುಗಿಯಲು ಆರು ದಿನ ಉಳಿದಿತ್ತು. ಈ ಆರು ದಿನವನ್ನು ಗುಮಾಸ್ತ ಹಲ್ಲುನೋವಿನ ಹಾಗೆ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಹೇಳಿಬಿಡಬೇಕು. ಹೇಳಿದರೆ ಹನ್ನೊಂದು ತಿಂಗಳು ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ. ಮೊದಲ ದಿನ ಹೇಳಿದ್ದರೆ ಒಂದು ತಪ್ಪು. ಈಗ ಹೇಳಿದರೆ ಮುನ್ನೂರು ಚಿಲ್ಲರೆ ತಪ್ಪು. ಹೀಗೆ ಲೆಕ್ಕ ಹಾಕುವುದರಲ್ಲೇ ಇನ್ನೊಂದು ದಿನ ಕಳೆದು ಇನ್ನೊಂದು ಕೂಡಿಕೊಳ್ಳುತ್ತಿತ್ತು.

"ಏ ಗುಮಾಸ್ತಾ!" ಓಣಿಯ ಆಚೆಯಿಂದ ಅಕ್ಕ ಕೂಗಿದಳು. "ನನ್ನ ಡಬ್ಬಾನೂ ಸತ್ತಿದೆ. ಬಂದು ನೋಡಬಾರದಾ? ಏನು, ಕರೆಯೋಲೆ ಕಳಿಸ್ಬೇಕಾ?"

ಹೋಗಲೇಬೇಕಾಯಿತು. ಸಾಣೆಕೋಣೆಯಲ್ಲಿ ಒದ್ದೆ ಗಾಜಿನ ಪುಡಿಯ ವಾಸನೆ. ಅವನು ಅಲ್ಲಿಗೆ ಕಾಲಿಟ್ಟು ಎಷ್ಟು ದಿನವಾಗಿತ್ತೆಂದರೆ ಯಂತ್ರಗಳು ಹತ್ತಿರ ಹತ್ತಿರ ಬಂದು ನಿಂತಿವೆ ಎನ್ನಿಸಿತು. ಅಕ್ಕ ಮೊಣಕೈವರೆಗೆ ಬಿಳಿ ಕೆಸರು ಮೆತ್ತಿಕೊಂಡು ನಗುತ್ತಿದ್ದಳು. "ಬಂದ್ಯಾ? ಮಹಾರಾಯ, ನಿನ್ನ ಮುಖ ಮರೆತೇ ಹೋಗಿತ್ತು. ಕೂತ್ಕೋ, ಕೂತ್ಕೋ. ನಾನು ಕೈ ತೊಳ್ಕೊಂಡು ಬರ್ತೀನಿ, ಇಲ್ಲಾಂದ್ರೆ ನಿನ್ನ ಅಂಗಿಗೆಲ್ಲ ಆಗುತ್ತೆ." ಮೂಲೆಯ ನಲ್ಲಿಯ ಕಡೆ ಹೋದಳು. ಇವನು ಅವಳ ಸ್ಟೂಲಿನ ಮೇಲೆ ಕೂತು ಆ್ಯಪನ್ನು ತೆರೆದ.

ಅದು ಹೊಸದನ್ನು ತರಲಾರದೆ ತನ್ನ ಹೊಟ್ಟೆಯೊಳಗಿದ್ದದ್ದನ್ನೇ ಕಕ್ಕಿಕೊಂಡು ಕೂತಿತ್ತು. ಪರದೆಯ ತುಂಬ ಹಳೆಯ ಸಂದೇಶಗಳು. ಮೇಲೆ ದಿನಾಂಕ ನೋಡಿದ. ಗಡಿಯಾರದವನು ಬಂದ ದಿನ. ಮೂರನೆಯ ಸಂದೇಶ ಅವನದೇ: ‘ಬಲ ಮೈನಸ್ ಒಂದೂಕಾಲು, ಎಡ ಮೈನಸ್ ನಾಲ್ಕು. ಗಡಿಯಾರ ರಿಪೇರಿಯವರದು.’ ಅದರ ಕೆಳಗೆ ಅಕ್ಕನ ‘ಸರಿ.’ ತಿದ್ದಲಾಗಿದೆ ಎಂಬ ಇರುವೆ ಅಕ್ಷರ ಇಲ್ಲ. ಅವನು ತಿದ್ದುವ ಮುಂಚಿನದು, ಬರೆದದ್ದು ಬರೆದ ಹಾಗೆ. ಈ ಮುರುಕು ಯಂತ್ರದ ಮೂಲೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಹನ್ನೊಂದು ತಿಂಗಳು ಉಳಿದುಕೊಂಡಿದ್ದ ನಕಲು. ಲೋಕದಲ್ಲಿ ಅಕ್ಕನ ಪರವಾಗಿ ಇದ್ದ ಸಾಕ್ಷಿ ಇದೊಂದೇ, ಮತ್ತು ಇದನ್ನು ಅಳಿಸಲೆಂದೇ ಅವನನ್ನು ಕರೆದು ಕೂರಿಸಿದ್ದರು.

ನಲ್ಲಿಯ ನೀರಿನ ಸದ್ದಿನ ಮೇಲೆ ಅಕ್ಕ ಮಾತಾಡುತ್ತಲೇ ಇದ್ದಳು. "ನಿನ್ನ ಹೆಂಡತಿ ಹೇಗಿದ್ದಾಳೋ? ಅವಳ ಮಂಡಿನೋವು ವಾಸಿಯಾಯ್ತಾ? ನಾನು ಹೋಗೋಕೆ ಮುಂಚೆ ಒಂದು ದಿನ ಕರ್ಕೊಂಡು ಬಾ, ಅವಳಿಗೆ ಓದೋ ಕನ್ನಡಕ ಒಂದು ನನ್ನ ಕೈಯಾರೆ ಮಾಡಿಕೊಡ್ತೀನಿ. ಆ ಫ್ರೇಮಿನವನ ಹತ್ರ ಅಳತೆ ಹಾಕಿಸ್ಕೊಂಡೇ ಕೊಡ್ತೀನಪ್ಪ, ಹೆದರಬೇಡ." ನಕ್ಕಳು. ಆ ನಗು ಬೆನ್ನಿಗೆ ಬಡಿದ ಹಾಗಾಯಿತು. ಅವನ ಕೈ ಆಗಲೇ ಆ್ಯಪನ್ನು ಮುಚ್ಚಲು ಗಡಿಯಾರದ ಪಕ್ಕದ ಗುರುತಿನ ಮೇಲೆ ಹೋಗಿತ್ತು. ಒಂದು ಒತ್ತು. ಆಮೇಲೆ ಫೋಲ್ಡರು, ಎಲ್ಲವನ್ನೂ ನೀಲಿ ಮಾಡುವುದು, ಇನ್ನೊಂದು ಒತ್ತು. ಯಜಮಾನರೇ ಹೇಳಿದ ಕೆಲಸ. ಯಾರೂ ಪಿಟ್ ಎನ್ನುವಂತಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದು ಮುಗಿಸಿ, ಆರು ದಿನ ಕಳೆದ ಮೇಲೆ ಅಕ್ಕನಿಗೆ ಒಂದು ಹಾರ ಹಾಕಿ, ನಾಲ್ಕು ಒಳ್ಳೆಯ ಮಾತಾಡಿ ಮನೆಗೆ ಹೋಗಬಹುದು. ಆ ನಾಲ್ಕು ಮಾತು ಆಡುವವರು ಯಾರು? ತಾನೇ. ಹಳಬ ಎಂದು ತನ್ನನ್ನೇ ಎಬ್ಬಿಸಿ ನಿಲ್ಲಿಸುತ್ತಾರೆ. ಅಕ್ಕನ ಕಣ್ಣಿನ ಬಗ್ಗೆ ಏನು ಹೇಳಲಿ ಎಂದು ಅವನು ಆ ಸ್ಟೂಲಿನ ಮೇಲೆ ಕೂತೇ ಯೋಚಿಸಲು ಶುರುಮಾಡಿದ್ದ; ಯೋಚಿಸುತ್ತಿರುವುದು ಅರಿವಾದಾಗ ತನ್ನ ಮೇಲೇ ಹೇಸಿಗೆಯಾಗಿ ಗುರುತಿನ ಮೇಲಿದ್ದ ಕೈ ತೆಗೆದ.

"ಅಕ್ಕಾ," ಎಂದ. ನೀರಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, "ಅಕ್ಕಾ, ನಲ್ಲಿ ನಿಲ್ಲಿಸಿ ಇಲ್ಲಿ ಬಾ. ಇದನ್ನ ಓದು."

"ಏನೋ ಅದು?" ಒದ್ದೆ ಕೈ ದೂರ ಹಿಡಿದುಕೊಂಡು ಬಂದಳು. "ಓದೋದೆಲ್ಲ ನನ್ನ ಹತ್ರ ಹೇಳಬೇಡಪ್ಪ. ನೀನೇ ಓದು."

"ಇಲ್ಲ. ನೀನೇ ಓದಬೇಕು. ಜೋರಾಗಿ ಓದು."

ಅಕ್ಕ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಬಗ್ಗಿದಳು. "ಬಲ ಮೈನಸ್ ಒಂದೂಕಾಲು," ಎಂದಳು. ನಿಲ್ಲಿಸಿದಳು. "ಎಡ ಮೈನಸ್ ನಾಲ್ಕು. ಗಡಿಯಾರ..." ಮುಂದೆ ಓದಲಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣಿನಿಂದ ಓದಿದಳು. ಬಲ ಮುಚ್ಚಿ ಎಡದಿಂದ ಓದಿದಳು. ಮೂರು ಹೆಜ್ಜೆ ಹಿಂದೆ ಸರಿದು ಅಲ್ಲಿಂದ ಓದಿದಳು. ಕೈಯಿಂದ ತೊಟ್ಟಿಕ್ಕುತ್ತಿದ್ದ ನೀರು ಅವಳ ಕಾಲ ಮೇಲೆ ಬೀಳುತ್ತಿತ್ತು.

"ನೀನು ಅವತ್ತು ಓದಿದ್ದು ಇದೇ," ಎಂದ ಗುಮಾಸ್ತ. "ನೀನು ಸರಿಯಾಗೇ ಓದಿದೆ, ಸರಿಯಾಗೇ ಉಜ್ಜಿದೆ. ಎಡ ಬಲ ತಪ್ಪು ಬರೆದದ್ದು ನಾನು. ಯಜಮಾನರು ಬರೋ ಮುಂಚೆ ತಿದ್ದಿಬಿಟ್ಟೆ. ನಿನ್ನ ಕಣ್ಣಿಗೆ ಏನೂ ಆಗಿಲ್ಲ ಅಕ್ಕ. ಏನೂ ಆಗಿರಲೇ ಇಲ್ಲ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿದ. ಬರಲಿಲ್ಲ. ತಲೆಯೆತ್ತಿ ನೋಡಿದರೆ ಅಕ್ಕನ ಮುಖ ಅರಳಿತ್ತು. "ನನ್ನ ಕಣ್ಣು ಸರಿ ಇದೆಯೇನೋ?" ಎಂದಳು, ಬಹುಮಾನ ಬಂದದ್ದು ತನಗೇ ಹೌದೇ ಎಂದು ಕೇಳುವವರ ಹಾಗೆ. "ಸರಿ ಇದೆಯಾ? ಅಯ್ಯೋ ನನ್ನಪ್ಪಾ, ಸರಿ ಇದೆಯಾ?" ಅವನ ತಲೆ ಹಿಡಿದು ಅಲ್ಲಾಡಿಸಿದಳು, ಒದ್ದೆ ಕೈಯ ನೀರು ಅವನ ಕುತ್ತಿಗೆಗಿಳಿಯಿತು. ಇವಳಿಗೆ ಇನ್ನೂ ಸಿಟ್ಟು ಬಂದಿಲ್ಲ ಎಂದು ಅವನಿಗೆ ಗಾಬರಿಯಾಯಿತು. ಸಂತೋಷ ಅಷ್ಟು ದೊಡ್ಡದಿತ್ತು, ಸಿಟ್ಟು ಅದರ ಹಿಂದೆ ಸರದಿಯಲ್ಲಿ ನಿಂತು ಕಾಯಬೇಕಾಗಿತ್ತು. ಆಮೇಲೆ ಅದೂ ಬಂತು. ಕೈ ಅವನ ತಲೆಯಿಂದ ಕೆಳಗಿಳಿಯಿತು. ಅಕ್ಕ ಎದುರಿನ ಖಾಲಿ ಪೆಟ್ಟಿಗೆಯ ಮೇಲೆ ಕೂತಳು.

"ಯಾಕೋ?"

"ಹೆದರಿದೆ ಅಕ್ಕ."

"ಯಾವುದಕ್ಕೆ? ಕೆಲಸದಿಂದ ತೆಗೀತಾರೆ ಅಂತಾನಾ?"

"ಅದಕ್ಕಲ್ಲ. ಅಷ್ಟು ಜನ ನೋಡ್ತಾ ಇದ್ದರು." ಇನ್ನೂ ದೊಡ್ಡ ಕಾರಣವೊಂದು ಇದ್ದಿದ್ದರೆ ಚೆನ್ನಾಗಿತ್ತು ಎಂದು ಹುಡುಕಿದ. ಇರಲಿಲ್ಲ. "ನಾಚಿಕೆ ಆಯ್ತು. ಅಷ್ಟೇ."

"ಅಷ್ಟೇ," ಎಂದಳು ಅಕ್ಕ. "ನಾನು ಮನೇಲಿ ಕಣ್ಣು ಮುಚ್ಚಿಕೊಂಡು ನಡೆಯೋದು ಕಲೀತಿದ್ದೆ ಕಣೋ. ದಿನಾ ಅರ್ಧ ಗಂಟೆ. ಅಮ್ಮ ಕಲಿತಿರಲಿಲ್ಲ, ಎಲ್ಲಾ ಕಡೆ ಮುಗ್ಗರಿಸಿ ಬೀಳ್ತಿದ್ದಳು, ಅದಕ್ಕೆ. ಹಾಸಿಗೆಯಿಂದ ಒಲೆಗೆ ಒಂಬತ್ತು ಹೆಜ್ಜೆ. ಒಲೆಯಿಂದ ಬಚ್ಚಲಿಗೆ ಹದಿನಾಲ್ಕು. ಸಕ್ಕರೆ ಡಬ್ಬಕ್ಕೆ ದಾರ ಕಟ್ಟಿದೀನಿ, ಉಪ್ಪಿಂದಕ್ಕೆ ಕಟ್ಟಿಲ್ಲ. ನಮ್ಮ ಬೀದಿಯಲ್ಲಿ ತಿರುವಿನವರೆಗೂ ಬರುತ್ತೆ ನನಗೆ."

ಗುಮಾಸ್ತ ಹನ್ನೊಂದು ತಿಂಗಳೂ ತನ್ನ ಸಂಕಟವನ್ನೇ ಎತ್ತಿ ಎತ್ತಿ ನೋಡಿಕೊಂಡಿದ್ದ. ಆ ಹೊತ್ತಿನಲ್ಲೆಲ್ಲ ಒಬ್ಬ ಹೆಂಗಸು ತನ್ನ ಅಡಿಗೆಮನೆಯಲ್ಲಿ ಎರಡು ಕೈ ಮುಂದೆ ಚಾಚಿಕೊಂಡು ಹೆಜ್ಜೆ ಎಣಿಸುತ್ತಿದ್ದಳು. ಅವನಿಗೆ ಅಳು ಬಂತು. ಅತ್ತ. ಅಕ್ಕ ಸಮಾಧಾನ ಮಾಡಲಿಲ್ಲ, ಬೇಡವೆನ್ನಲೂ ಇಲ್ಲ. ಏಪ್ರನ್ನಿನ ಒಣಗಿದ ತುದಿಯನ್ನು ಅವನ ಕಡೆ ಚಾಚಿದಳು.

"ಯಜಮಾನರಿಗೆ ಹೇಳ್ತೀನಿ ಅಕ್ಕ," ಎಂದ ಮೂಗೊರೆಸಿಕೊಂಡು. "ಅವರು ಬಂದು ನೋಡೋವರೆಗೂ ಇದನ್ನ ಅಳಿಸಲ್ಲ. ಎಲ್ಲರ ಮುಂದೇನೇ ಹೇಳ್ತೀನಿ."

"ಹೇಳಬೇಕು. ಹೇಳದೆ ಬಿಟ್ಟರೆ ಈ ಕೋಣೆ ಬಿಟ್ಟು ಹೋಗೋಕೆ ಬಿಡ್ತೀನಾ ನಿನ್ನ?" ಅಕ್ಕ ಎದ್ದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಬಾ ನನ್ನ ಹಿಂದೆ. ಏನು ಕಲಿತಿದೀನಿ ಅಂತ ನೋಡು. ಕಲಿಸಿದ ಗುರು ನೀನೇ ಅಲ್ವಾ."

ಕಣ್ಣು ಮುಚ್ಚಿದಳು. ಎರಡು ಸಾಣೆಯಂತ್ರಗಳ ನಡುವಿನ ಇಕ್ಕಟ್ಟಿನಲ್ಲಿ ಸೊಂಟ ಓರೆ ಮಾಡಿ ಏನನ್ನೂ ಮುಟ್ಟದೆ ದಾಟಿದಳು. ನೀರಿನ ಬಕೆಟ್ಟಿನ ಬಳಿ ಕಾಲೆತ್ತಿಟ್ಟಳು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಬಲಕ್ಕೆ ತಿರುಗಿದಳು. ತುಟಿ ಸಣ್ಣಗೆ ಎಣಿಸುತ್ತಿತ್ತು. ಗೋಡೆಗೆ ಕೈಯಿಡಲಿಲ್ಲ. ಎದುರಿಗೆ ಬಂದ ಫ್ರೇಮಿನವನು ಇದೇನೆಂದು ತಿಳಿಯದೆ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಗುಮಾಸ್ತ ಎರಡು ಹೆಜ್ಜೆ ಹಿಂದೆ, ಬಿದ್ದರೆ ಹಿಡಿಯಲೆಂದು ತೋಳು ಚಾಚಿಕೊಂಡು ಹೋದ. ಅವಳು ಬೀಳಲಿಲ್ಲ. ಎಲ್ಲಿಯೂ ಮುಗ್ಗರಿಸಲಿಲ್ಲ. ಯಜಮಾನರ ಕೋಣೆಯ ಬಾಗಿಲಿಗೆ ಒಂದು ಗೇಣು ಇರುವಾಗ ತಾನಾಗಿ ನಿಂತು ಪಕ್ಕಕ್ಕೆ ಸರಿದಳು.

"ಬಂತಲ್ಲ ಬಾಗಿಲು?"

"ಬಂತು ಅಕ್ಕ."

"ತಟ್ಟು."

ಅವಳು ಇನ್ನೂ ಕಣ್ಣು ತೆರೆದಿರಲಿಲ್ಲ. ಗುಮಾಸ್ತ ತಟ್ಟಿದ.

"ಯಾರು?" ಎಂದರು ಯಜಮಾನರು ಒಳಗಿನಿಂದ.

"ನಾನು," ಎಂದ.